ಅಪ್ಪನ ಲಿವರ್ ಟೆಸ್ಟ್: ರಕ್ತ ತೆಗೆದದ್ದು ಸೊಗಸು, ರಿಪೋರ್ಟ್ ಕೊಟ್ಟ ರೀತಿ ಸರಿಯಿಲ್ಲ

ಅಪ್ಪನಿಗೆ ಹೆಪಟೈಟಿಸ್ ಬಿ, ಅದರಿಂದ ಸಿರೋಸಿಸ್ ಆಗಿದೆ, ಅಂದರೆ ಲಿವರ್ ಕಲೆಗಟ್ಟಿ ಗಡುಸಾಗಿದೆ. ಹಾಗಾಗಿ ಲಿವರ್ ಕ್ಯಾನ್ಸರ್ ಬಂದಿದೆಯೇ ಅಂತ ನೋಡಲು 6 ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್, ಜೊತೆಗೆ ಎಎಫ್‌ಪಿ (ಆ ಕ್ಯಾನ್ಸರ್ ಇದ್ದರೆ ರಕ್ತದಲ್ಲಿ ಏರಬಹುದಾದ ಒಂದು ಪ್ರೋಟೀನ್) ರಕ್ತಪರೀಕ್ಷೆ. ಈ ಸಲ ಡಾಕ್ಟರ್ ಪಿವ್ಕಾ-2 ಅನ್ನುವ ಇದೇ ಬಗೆಯ ಇನ್ನೊಂದು ರಕ್ತಪರೀಕ್ಷೆ ಕೂಡ ಬರೆದಿದ್ದರು. ಮನೆಗೇ ಬಂದು ರಕ್ತ ತೆಗೆಯುವ ಲ್ಯಾಬ್ ಒಂದರಲ್ಲಿ ಬುಕ್ ಮಾಡಿದೆ.

ಬಂದ ಹುಡುಗನಿಗೆ ಪೂರ್ತಿ ಅಂಕ. ಹೇಳಿದ ಟೈಮಿಗೇ ಬಂದ. ಒಂದೇ ಚುಚ್ಚು. ಟ್ಯೂಬಿನ ಮೇಲೆ ಹೆಸರು ಅಂಟಿಸಿ ಅಪ್ಪನ ಕೈಯಲ್ಲೇ ಓದಿಸಿದ. ರಕ್ತ ತೆಳು ಮಾಡುವ ವಾರ್ಫರಿನ್ ಮಾತ್ರೆ ತಗೊಳ್ತೀರಾ ಅಂತಲೂ ಕೇಳಿದ. ಇದು ತುಂಬಾ ಮುಖ್ಯ, ಯಾಕೆಂದರೆ ಆ ಮಾತ್ರೆಯಿಂದಲೋ ವಿಟಮಿನ್ ಕೆ ಕಮ್ಮಿಯಾಗಿಯೋ ಕ್ಯಾನ್ಸರ್ ಇಲ್ಲದೆಯೂ ಪಿವ್ಕಾ-2 ಏರುತ್ತದೆ.

ಸಿಟ್ಟು ಬಂದದ್ದು ರಿಪೋರ್ಟ್ ನೋಡಿ. ರಾತ್ರಿ 11ಕ್ಕೆ ಮೊಬೈಲಿಗೆ ಬಂತು, ಎಎಫ್‌ಪಿ 14, ಪಕ್ಕದಲ್ಲಿ ಕೆಂಪಕ್ಷರದಲ್ಲಿ 'ಹೈ', ಅಷ್ಟೇ, ಒಂದು ಸಾಲು ವಿವರಣೆ ಇಲ್ಲ, ಅಮ್ಮ ಬೆಳಗಿನವರೆಗೂ ಕಣ್ಣು ಮುಚ್ಚಲಿಲ್ಲ. ಲಿವರ್ ಹಳೆಯ ಕಾಯಿಲೆಯಿಂದ ಸೊರಗಿದ್ದರೆ ಎಎಫ್‌ಪಿ ಸ್ವಲ್ಪ ಏರಿರುವುದು ಅಪರೂಪವಲ್ಲ. ಸಾಮಾನ್ಯವಾಗಿ 20 ದಾಟಿದರೆ, ಅಥವಾ ಸಲದಿಂದ ಸಲಕ್ಕೆ ಏರುತ್ತಲೇ ಹೋದರೆ, ಡಾಕ್ಟರ್ ಸಿಟಿ ಇಲ್ಲವೇ ಎಂಆರ್‌ಐ ಮಾಡಿಸುತ್ತಾರೆ. ಕ್ಯಾನ್ಸರ್ ಇದ್ದೂ ಎಎಫ್‌ಪಿ ನಾರ್ಮಲ್ ಬರುವವರೂ ಇದ್ದಾರೆ, ಹಾಗಾಗಿ ಇದೊಂದನ್ನೇ ನಂಬಿ ಅಲ್ಟ್ರಾಸೌಂಡ್ ಬಿಡಬೇಡಿ.

ಹೋದ ಸಲ ಇದೇ ಲ್ಯಾಬಿನಲ್ಲಿ 13 ಬಂದಿತ್ತು. ಆ ಅಂಕಿಯನ್ನು ಪಕ್ಕದಲ್ಲಿ ಹಾಕಿದ್ದರೆ ಸಾಕಿತ್ತು, ಅಲ್ವಾ?

5ಕ್ಕೆ 3. ಮುಂದಿನ ಸಲವೂ ಇವರಲ್ಲೇ ಮಾಡಿಸುತ್ತೇನೆ, ಬೇರೆ ಲ್ಯಾಬಿನ ವಿಧಾನ ಬೇರೆ ಇದ್ದರೆ ಅಂಕಿಗಳನ್ನು ಹೋಲಿಸುವುದು ಕಷ್ಟ.