ಬಿಲ್ಲಿನಲ್ಲಿ ‘ಹೌಸಿಂಗ್ ಆಯಿಲ್ ಚೆಕ್’ ಎಂದಿದ್ದರೆ ನಂಬಬೇಡಿ, ಪ್ಲಗ್ ಬಿಚ್ಚಿಸಿ ನೋಡಿ

ಜೀಪು ಇಟ್ಟುಕೊಂಡವರೆಲ್ಲ ದಯವಿಟ್ಟು ಇದನ್ನು ಓದಿ. ತೋಟಕ್ಕೆ ಓಡಿಸುವವರು, ಮಳೆಗಾಲದಲ್ಲಿ ಹಳ್ಳ ದಾಟುವವರು ಮುಖ್ಯವಾಗಿ ಓದಿ. ಕಳೆದ ಡಿಸೆಂಬರ್‌ನಲ್ಲಿ ನಮ್ಮ ಜೀಪಿನ ಹಿಂದಿನ ಚಕ್ರಗಳು ಇಳಿಜಾರಿನಲ್ಲಿ ಒಮ್ಮೆಲೇ ಹಿಡಿದುಕೊಂಡವು. ಹಿಂದೆ ಆರು ಜನ ಹೆಣ್ಣಾಳುಗಳು ಕೂತಿದ್ದರು. ಫುಲ್ ಸರ್ವಿಸ್ ಮಾಡಿಸಿ ಆಗಿನ್ನೂ ಎರಡು ತಿಂಗಳಾಗಿರಲಿಲ್ಲ.

ನಮ್ಮದು ಮೂಡಿಗೆರೆ ಕಡೆ. ಡಾಂಬರು ರಸ್ತೆಯಿಂದ ಮನೆಗೆ ಎರಡು ಕಿಲೋಮೀಟರ್ ಮಣ್ಣಿನ ದಾರಿ, ನಡುವೆ ಸೇತುವೆ ಇಲ್ಲದ ಒಂದು ಹಳ್ಳ. ಜುಲೈನಲ್ಲಿ ಒಂದು ಸಂಜೆ ಅಪ್ಪನಿಗೆ ಔಷಧಿ ತೆಗೆದುಕೊಂಡು ಪೇಟೆಯಿಂದ ಬರುತ್ತಿದ್ದೆ. ಹಳ್ಳದಲ್ಲಿ ನೀರು ಅರ್ಧ ಚಕ್ರಕ್ಕಿಂತ ಮೇಲಿತ್ತು. ಹದಿನೈದು ಕಿಲೋಮೀಟರ್ ಓಡಿ ಬಿಸಿಯಾಗಿದ್ದ ಗಾಡಿಯನ್ನು ನಿಲ್ಲಿಸದೆ ನೇರ ನೀರಿಗೆ ಇಳಿಸಿದೆ. ನಡುವೆ ಒಂದು ಮರದ ಕೊಂಬೆ ಸಿಕ್ಕಿಕೊಂಡಿತ್ತು. ಅದನ್ನು ಕಡಿದು ಎಳೆದು ಹಾಕುವಷ್ಟರಲ್ಲಿ ಗಾಡಿ ಹತ್ತು ನಿಮಿಷ ನೀರಲ್ಲೇ ನಿಂತಿತ್ತು. ಆಮೇಲೆ ಏನೂ ತೊಂದರೆ ಕಾಣಲಿಲ್ಲ. ನಾನೂ ಮರೆತುಬಿಟ್ಟೆ.

ಕಾಫಿ ಕೊಯ್ಲಿಗೆ ಮೊದಲು, ಅಕ್ಟೋಬರ್‌ನಲ್ಲಿ, ಪೇಟೆಯ ಒಂದು ಗ್ಯಾರೇಜಿಗೆ ಬಿಟ್ಟೆ. ಬೆಳಿಗ್ಗೆ ಬಿಟ್ಟು, ಬ್ಯಾಂಕ್ ಕೆಲಸ ಮುಗಿಸಿ, ಸಂಜೆ ತಂದೆ. 7,400 ರೂಪಾಯಿ. ಬಿಲ್ಲಿನಲ್ಲಿ ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಡೀಸೆಲ್ ಫಿಲ್ಟರ್ ಎಲ್ಲ ಇತ್ತು. ಕೆಳಗೆ ‘ಗೇರ್ ಆಯಿಲ್ ಚೆಕ್, ಹೌಸಿಂಗ್ ಆಯಿಲ್ ಚೆಕ್, ಗ್ರೀಸಿಂಗ್’ ಎಂದು ಬರೆದು ಮೂರಕ್ಕೂ ರೈಟ್ ಹಾಕಿದ್ದರು. ಹೌಸಿಂಗ್ ಅಂದರೆ ಗಾಡಿಯಡಿ ಎರಡು ಚಕ್ರಗಳ ನಡುವೆ ಇರುವ ಕಬ್ಬಿಣದ ಗೂಡು, ಚಕ್ರ ತಿರುಗಿಸುವ ಹಲ್ಲುಗಾಲಿಗಳು ಅದರೊಳಗೆ ಎಣ್ಣೆಯಲ್ಲಿ ತಿರುಗುತ್ತವೆ. ಗಾಡಿ ತೊಳೆದು ಟೈರಿಗೆ ಪಾಲಿಶ್ ಹಚ್ಚಿದ್ದರು. ಹೊಳೆಯುತ್ತಿತ್ತು. ನಾನು ಬಗ್ಗಿ ಅಡಿಯಲ್ಲಿ ನೋಡಲಿಲ್ಲ. ಹಳ್ಳದಲ್ಲಿ ನಿಂತಿದ್ದ ವಿಷಯವನ್ನೂ ಹೇಳಲಿಲ್ಲ. ಅಷ್ಟು ನನ್ನ ತಪ್ಪು.

ನವೆಂಬರ್‌ನಲ್ಲಿ ಹಿಂದಿನಿಂದ ಒಂದು ಸದ್ದು ಶುರುವಾಯಿತು. ನಲವತ್ತರ ವೇಗಕ್ಕೆ ಹೋದರೆ ‘ಊಂ...’ ಎಂದು ಕೊರೆಯುವ ಸದ್ದು. ಗ್ಯಾರೇಜಿಗೆ ಫೋನ್ ಮಾಡಿದೆ. “ಮಡ್ ಟೈರ್ ಅಲ್ವಾ ಸರ್, ಅದು ಟೈರ್ ಸೌಂಡು, ಹಾಗೇ ಬರುತ್ತೆ” ಎಂದರು. ನಂಬಿದೆ. ಈಗ ನನಗೆ ಗೊತ್ತಿರುವ ಒಂದು ಮಾತು ಆಗ ಗೊತ್ತಿದ್ದರೆ ನಂಬುತ್ತಿರಲಿಲ್ಲ. ಟೈರಿನ ಸದ್ದು ವೇಗ ಹೆಚ್ಚು ಕಡಿಮೆಯಾದಂತೆ ಬದಲಾಗುತ್ತದೆ. ಆದರೆ ಅದೇ ವೇಗದಲ್ಲಿ ಆಕ್ಸಿಲರೇಟರ್ ಒತ್ತಿದರೆ ಒಂದು ಥರ, ಕಾಲು ತೆಗೆದರೆ ಇನ್ನೊಂದು ಥರ ಕೇಳಿಸಿತು ಅಂದರೆ ಮೊದಲು ಹೌಸಿಂಗ್ ಒಳಗೆ, ಕ್ರೌನ್ ಪಿನಿಯನ್ ಎಂಬ ಹಲ್ಲುಗಾಲಿ ಜೋಡಿಯ ಕಡೆ ನೋಡಬೇಕು. ನಮ್ಮ ಗಾಡಿಯಲ್ಲಿ ಹಾಗೇ ಕೇಳಿಸುತ್ತಿತ್ತು.

ಆ ದಿನ ಸಂಜೆ ಕೊಯ್ಲು ಮುಗಿಸಿ ಆಳುಗಳನ್ನು ಅವರ ಸಾಲುಮನೆಗೆ, ಅಂದರೆ ಲೈನಿಗೆ, ಬಿಡಲು ಹೊರಟಿದ್ದೆ. ಹಳ್ಳದ ಕಡೆಗೆ ಇಳಿಯುವಲ್ಲಿ ಹಿಂದೆ ‘ಟಕ್’ ಎಂದಿತು, ಮತ್ತೊಮ್ಮೆ ‘ಟಕ್’. ಮೂರನೆಯ ಸಲಕ್ಕೆ ಹಿಂದಿನ ಎರಡೂ ಚಕ್ರ ನಿಂತವು. ಕ್ಲಚ್ ಒತ್ತಿದರೂ ಬಿಡಲಿಲ್ಲ. ಗಾಡಿ ಜಾರಿ ಅಡ್ಡಕ್ಕೆ ತಿರುಗಿ ದಾರಿ ಬದಿಯ ಮಣ್ಣಿನ ಬರೆಗೆ ಒರಗಿ ನಿಂತಿತು. ಒಬ್ಬ ಹೆಂಗಸಿಗೆ ಮೊಣಕೈ ತರಚಿತು. ಉಳಿದವರಿಗೆ ಏನೂ ಆಗಲಿಲ್ಲ. ಬರೆ ಇದ್ದದ್ದು ಎಡಕ್ಕೆ. ಬಲಕ್ಕೆ ತಿರುಗಿದ್ದರೆ ಕೆಳಗೆ ಮೂವತ್ತು ಅಡಿ ಪ್ರಪಾತ. ಇದನ್ನು ಬರೆಯುವಾಗ ಈಗಲೂ ಕೈ ತಣ್ಣಗಾಗುತ್ತದೆ.

ಮಾರನೆಯ ದಿನ ಊರಿನ ಹಳೆಯ ಮೆಕ್ಯಾನಿಕ್ ಬಂದರು. ಜೀಪಿನ ಕೆಲಸದಲ್ಲೇ ಕೂದಲು ಬೆಳ್ಳಗಾದವರು. ಅವರು ಗಾಡಿಯಡಿ ಮಲಗಿ ಏನನ್ನೂ ಮುಟ್ಟುವ ಮೊದಲು ನನ್ನನ್ನು ಕರೆದರು. “ಗೌಡ್ರೆ, ಇಲ್ಲಿ ಬಂದು ನೋಡಿ. ಆಮೇಲೆ ನಾನು ಹೇಳಿದ್ದು ಸುಳ್ಳು ಅನ್ಸಬಾರದು.” ಟಾರ್ಚ್ ಬಿಟ್ಟು ತೋರಿಸಿದರು. ಎಣ್ಣೆ ಹಾಕುವ ಮೇಲಿನ ಪ್ಲಗ್ಗಿನ ಚೌಕದ ತಗ್ಗಿನಲ್ಲಿ ಕೆಮ್ಮಣ್ಣು ಇಟ್ಟಿಗೆಯ ಹಾಗೆ ಗಟ್ಟಿಯಾಗಿತ್ತು. ಸುತ್ತಲೂ ತುಕ್ಕು, ಅದರ ಮೇಲೆ ಹಳೇ ಜಿಡ್ಡು. ಸ್ಪ್ಯಾನರ್ ಮುಟ್ಟಿದ ಗುರುತೇ ಇಲ್ಲ. ಅದನ್ನು ಬಿಚ್ಚದೆ ಎಣ್ಣೆಯ ಮಟ್ಟ ನೋಡುವುದಕ್ಕೇ ಆಗುವುದಿಲ್ಲ.

ಕೆಳಗಿನ ಡ್ರೈನ್ ಪ್ಲಗ್ ಸಡಿಲಿಸಿದಾಗ ಮೊದಲು ಬಂದದ್ದು ಎಣ್ಣೆಯಲ್ಲ, ತುಕ್ಕಿನ ಬಣ್ಣದ ನೀರು. ಒಂದು ಲೋಟಕ್ಕೂ ಜಾಸ್ತಿ. ಅದರ ಹಿಂದೆ ಹಾಲು ಜಾಸ್ತಿಯಾದ ಕಾಫಿಯಂಥ ಎಣ್ಣೆ. ಬೆರಳಿಗೆ ಹಚ್ಚಿಕೊಂಡು ಉಜ್ಜಿದರೆ ಜಿಗುಟೇ ಇಲ್ಲ, ಬರೀ ಕಬ್ಬಿಣದ ಪುಡಿ ಚುಚ್ಚುತ್ತಿತ್ತು. ಪಿನಿಯನ್ ಬೇರಿಂಗ್ ಪುಡಿಯಾಗಿತ್ತು. ಕ್ರೌನಿನ ಮೂರು ಹಲ್ಲು ಮುರಿದು ಅದರಲ್ಲೊಂದು ಚೂರು ನಡುವೆ ಸಿಕ್ಕಿ ಚಕ್ರ ಲಾಕ್ ಆಗಿತ್ತು.

ನೀರು ಒಳಗೆ ಹೋದದ್ದು ಹೇಗೆ ಎಂದೂ ಅವರೇ ತೋರಿಸಿದರು. ಹೌಸಿಂಗ್ ಮೇಲೆ ಬ್ರೀದರ್ ಎಂಬ ಒಂದು ಸಣ್ಣ ಮುಚ್ಚಳ ಇರುತ್ತದೆ. ಗಾಡಿ ಓಡಿ ಒಳಗಿನ ಗಾಳಿ ಬಿಸಿಯಾದಾಗ ಹೊರಗೆ ಹೋಗಲು, ತಣ್ಣಗಾದಾಗ ಒಳಗೆ ಬರಲು ಅದೇ ದಾರಿ. ನಮ್ಮದರಲ್ಲಿ ಕುಂಬಾರ ಹುಳ ಗೂಡು ಕಟ್ಟಿ ತೂತು ಪೂರ್ತಿ ಮುಚ್ಚಿಹೋಗಿತ್ತು. ಬಿಸಿ ಹೌಸಿಂಗ್ ಹಳ್ಳದ ತಣ್ಣೀರಿಗೆ ಬಿದ್ದಾಗ ಒಳಗಿನ ಗಾಳಿ ಕುಗ್ಗಿದೆ. ಹೊರಗಿನ ಗಾಳಿ ಬರಲು ದಾರಿಯಿಲ್ಲ. ಆಗ ಸವೆದ ಆಯಿಲ್ ಸೀಲಿನ ಸಂದಿಯಿಂದ ನೀರನ್ನೇ ಎಳೆದುಕೊಂಡಿದೆ. ಅಕ್ಟೋಬರ್‌ನಲ್ಲಿ ಒಬ್ಬರಾದರೂ ಆ ಪ್ಲಗ್ ಬಿಚ್ಚಿದ್ದರೆ ನೀರು ಅಲ್ಲೇ ಗೊತ್ತಾಗುತ್ತಿತ್ತು. ಎರಡು ಲೀಟರಿಗಿಂತ ಕಡಿಮೆ ಎಣ್ಣೆ ಮತ್ತು ಒಂದು ಸೀಲಿನಲ್ಲಿ ಮುಗಿಯುವ ಕೆಲಸಕ್ಕೆ ನನಗೆ 26,000 ರೂಪಾಯಿ ಖರ್ಚಾಯಿತು. ಕೊಯ್ಲಿನ ಮಧ್ಯೆ ಎಂಟು ದಿನ ಬಾಡಿಗೆ ಪಿಕಪ್.

ಬಿಲ್ ಹಿಡಿದು ಗ್ಯಾರೇಜಿಗೆ ಹೋದೆ. “ಚೆಕ್ ಅಂದ್ರೆ ಲೀಕ್ ಇದ್ಯಾ ಅಂತ ಕಣ್ಣಲ್ಲಿ ನೋಡೋದು ಸರ್” ಎಂದರು. ನನಗೆ ಹಣ ಹೋದದ್ದಕ್ಕಿಂತ ಈ ಮಾತಿಗೆ ಹೆಚ್ಚು ನೋವಾಯಿತು. ಆ ಒಂದು ರೈಟ್ ಗುರುತು ನಂಬಿ ನಾನು ಆರು ಜನರನ್ನು ಕೂರಿಸಿಕೊಂಡಿದ್ದೆ.

ಈಗ ಗಾಡಿ ಬಿಟ್ಟು ಬರುವುದಿಲ್ಲ, ಪಕ್ಕದಲ್ಲೇ ನಿಲ್ಲುತ್ತೇನೆ. ಹಿಂದಿನ ಹೌಸಿಂಗ್, ಮುಂದಿನ ಹೌಸಿಂಗ್, ಗೇರ್ ಬಾಕ್ಸ್, ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್, ಈ ನಾಲ್ಕರ ಪ್ಲಗ್ಗನ್ನೂ ನನ್ನ ಕಣ್ಣೆದುರು ಬಿಚ್ಚಿಸುತ್ತೇನೆ. ಮೊದಲು ಮೇಲಿನದು, ಆಮೇಲೆ ಕೆಳಗಿನದು. ಮೇಲಿನದು ತುಕ್ಕು ಹಿಡಿದು ಬಿಚ್ಚಿಕೊಳ್ಳದೆ ಹೋದರೆ, ಎಣ್ಣೆ ಇಳಿಸಿಬಿಟ್ಟ ಮೇಲೆ ಹೊಸದು ಹಾಕಲು ದಾರಿ ಇರುವುದಿಲ್ಲ. ಒಂದೇ ಡಬ್ಬದಿಂದ ಎಲ್ಲದಕ್ಕೂ ಸುರಿಯಲು ಬಂದರೆ ತಡೆಯಿರಿ. ಗೇರ್ ಬಾಕ್ಸಿಗೆ ಯಾವುದು, ಹೌಸಿಂಗಿಗೆ ಯಾವುದು ಎಂದು ಗಾಡಿಯ ಪುಸ್ತಕದಲ್ಲಿ ಇರುತ್ತದೆ.

ಗ್ರೀಸಿಂಗೂ ಹಾಗೇ. ಹೌಸಿಂಗಿಗೆ ತಿರುಗು ಶಕ್ತಿ ಒಯ್ಯುವ ಜಾಯಿಂಟ್ ಶಾಫ್ಟಿನ ತುದಿಯ ಕೀಲಿಗೆ, ಅಂದರೆ ಕ್ರಾಸಿಗೆ, ಗ್ರೀಸ್ ಹೊಡೆದರೆ ಹಳೇ ಕಪ್ಪು ಗ್ರೀಸ್ ಸಂದಿಯಿಂದ ಹೊರಬಂದು ಹೊಸದು ಕಾಣಬೇಕು. ಗ್ರೀಸ್ ತುಂಬುವ ನಿಪ್ಪಲ್ ಮೇಲೆ ಮಣ್ಣು ಹಾಗೇ ಕೂತಿದ್ದರೆ ಗ್ರೀಸ್ ಗನ್ ಅಲ್ಲಿಗೆ ಹೋಗೇ ಇಲ್ಲ. ಗ್ರೀಸ್ ಮಾಡಿ ಆಮೇಲೆ ಪ್ರೆಷರ್ ನೀರಲ್ಲಿ ತೊಳೆಸಬೇಡಿ, ಮೊದಲು ತೊಳೆಸಿ.

ಬ್ರೀದರ್‌ಗೆ ಒಂದು ರಬ್ಬರ್ ಪೈಪ್ ಹಾಕಿಸಿ ಮೇಲೆ ಎಂಜಿನ್ ಹತ್ತಿರದವರೆಗೆ ಒಯ್ದು ಕಟ್ಟಿಸಿದ್ದೇನೆ. ಜಾಸ್ತಿ ಖರ್ಚಿಲ್ಲ.

ಹಳ್ಳ ದಾಟಿದ ಗಾಡಿಯನ್ನು ನೀವೇ ನೋಡಬಹುದು. ರಾತ್ರಿ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಡ್ರೈನ್ ಪ್ಲಗ್ಗನ್ನು ಸ್ವಲ್ಪ ಮಾತ್ರ ಸಡಿಲಿಸಿ, ಕೆಳಗೆ ಲೋಟ ಹಿಡಿಯಿರಿ. ನೀರು ಎಣ್ಣೆಗಿಂತ ಭಾರ, ತಳದಲ್ಲಿ ಕೂತಿರುತ್ತದೆ. ಇದ್ದರೆ ಮೊದಲ ಹನಿಯೇ ನೀರಿನದು. ಎಣ್ಣೆ ಬಂದರೂ ಅದರ ಬಣ್ಣ ಹಾಲು ಬೆರೆತ ಹಾಗಿದ್ದರೆ ಆ ಗಾಡಿಯಲ್ಲಿ ಯಾರನ್ನೂ ಕೂರಿಸಿಕೊಳ್ಳಬೇಡಿ, ಮೆಕ್ಯಾನಿಕ್‌ನನ್ನು ಮನೆಗೇ ಕರೆಸಿ.