ಪ್ರೊಲಿಯಂಟ್ ಎಂಎಲ್350 ಜೆನ್10: ವಿದ್ಯುತ್ ಜೋಡಣೆ ಮತ್ತು ಕನ್ಸೋಲ್ ಕುರಿತು ದೀರ್ಘ ಬಳಕೆಯ ಅನುಭವ

ವಿಜಯಪುರದ ನಮ್ಮ ಪತ್ತಿನ ಸಹಕಾರಿ ಸಂಘದ ಲೆಕ್ಕಪತ್ರಗಳೆಲ್ಲ ಹಲವು ವರ್ಷಗಳಿಂದ ಎಚ್‌ಪಿಇ ಕಂಪನಿಯ ಈ ಟವರ್ ಸರ್ವರ್ ಮೇಲೆ ನಡೆಯುತ್ತಿವೆ. ಪ್ರೊಸೆಸರ್, ಡಿಸ್ಕುಗಳ ಬಗ್ಗೆ ದೂರಿಲ್ಲ. ಕೊಳ್ಳುವವರು ಮೊದಲು ವಿಚಾರ ಮಾಡಬೇಕಾದದ್ದು ಕರೆಂಟು ಮತ್ತು ಕನ್ಸೋಲಿನ (ಸರ್ವರಿಗೆ ಆಜ್ಞೆ ಕೊಟ್ಟು ಅದರ ಉತ್ತರ ನೋಡುವ ಪರದೆಯ) ಬಗ್ಗೆ.

ಇದರಲ್ಲಿ ಎರಡು ಪವರ್ ಸಪ್ಲೈ ಕೂರಿಸಬಹುದು. ಎರಡನ್ನೂ ಒಂದೇ ಯುಪಿಎಸ್‌ಗೆ ಜೋಡಿಸಿದರೆ ಆ ಯುಪಿಎಸ್ ಕೈಕೊಟ್ಟಾಗ ಎರಡೂ ಒಟ್ಟಿಗೆ ಹೋಗುತ್ತವೆ. ಆದ್ದರಿಂದ ನಾವು ಒಂದನ್ನು ಯುಪಿಎಸ್‌ಗೆ, ಇನ್ನೊಂದನ್ನು ಬೇರೆ ಎಂಸಿಬಿಯಿಂದ (ಹೊರೆ ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ಬರುವ ಲೈನಿಗೆ ಕೊಟ್ಟಿದ್ದೇವೆ. ಬ್ಯಾಟರಿ ಬದಲಿಸುವಾಗಲೂ ಸರ್ವರ್ ಬಂದ್ ಮಾಡುವ ಪ್ರಸಂಗ ಬಂದಿಲ್ಲ. ಯುಪಿಎಸ್‌ನ ಹಿಂಬದಿಯ ಸಾಕೆಟ್‌ಗೆ ಹೊಂದುವ ಸಿ13–ಸಿ14 ಕೇಬಲ್ ಗೋಡೆಯ ಸಾಕೆಟ್‌ಗೆ ಕೂರುವುದಿಲ್ಲವಾದ್ದರಿಂದ ಮೂರು ಪಿನ್ನಿನ ಪ್ಲಗ್ ಇರುವ ಕೇಬಲನ್ನು ಆರ್ಡರ್‌ನಲ್ಲೇ ಕೇಳಿ ಪಡೆಯಬೇಕು. ಇನ್ನು ಅರ್ಥಿಂಗ್: ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟಾಗ ಅದರ ರೋಧ ಏರುತ್ತದೆ. ಗುಂಡಿಗೆ ತಪ್ಪದೆ ನೀರು ಹಾಕಿಸಿ, ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ವೋಲ್ಟೇಜನ್ನು ಎಲೆಕ್ಟ್ರಿಷಿಯನ್‌ನಿಂದ ಅಳೆಸುವುದು ಅಗತ್ಯ.

ಪ್ಲಗ್ ಹಾಕಿದೊಡನೆ ಪವರ್ ಬಟನ್ನಿನ ದೀಪ ಹಳದಿಗೆ ತಿರುಗುತ್ತದೆ. ಅಂದರೆ ಸರ್ವರ್ ಸ್ಟ್ಯಾಂಡ್‌ಬೈನಲ್ಲಿದೆ, ಆದರೆ ಒಳಗಿನ ಐಎಲ್‌ಒ 5 ನಿರ್ವಹಣಾ ಚಿಪ್ ಆಗಲೇ ಎದ್ದಿರುತ್ತದೆ. ಮಾನಿಟರ್, ಕೀಬೋರ್ಡ್ ಜೋಡಿಸದೆಯೇ ಅದರ ಪ್ರತ್ಯೇಕ ನೆಟ್‌ವರ್ಕ್ ಪೋರ್ಟಿನ ಮೂಲಕ ಸರ್ವರನ್ನು ಚಾಲೂ ಮಾಡಬಹುದು. ಅದರ ಮೊದಲ ಪಾಸ್‌ವರ್ಡ್ ಸರ್ವರಿಗೇ ಅಂಟಿದ ಚೀಟಿಯಲ್ಲಿ ಮುದ್ರಿತವಾಗಿರುತ್ತದೆ.

ಆಪರೇಟಿಂಗ್ ಸಿಸ್ಟಂ ಏರಿದ ಮೇಲೂ ಚಿತ್ರಸಹಿತ ರಿಮೋಟ್ ಕನ್ಸೋಲ್ ಬೇಕೆನ್ನುವವರಿಗೆ ಪ್ರತ್ಯೇಕ ಲೈಸೆನ್ಸ್ ಬೇಕಾಗುತ್ತದೆ. ಬೆಲೆ ಕೇಳುವಾಗಲೇ ಅದನ್ನೂ ಸೇರಿಸಿ ಕೇಳಬೇಕು. ಲಿನಕ್ಸ್ ಬಳಸುವ ನಮಗೆ ಎಸ್‌ಎಸ್‌ಎಚ್ (ದೂರದಿಂದ ಸುರಕ್ಷಿತವಾಗಿ ಲಾಗಿನ್ ಆಗುವ ವಿಧಾನ) ಮೂಲಕ ಐಎಲ್‌ಒದಲ್ಲಿ ತೆರೆಯುವ ವರ್ಚುವಲ್ ಸೀರಿಯಲ್ ಪೋರ್ಟ್, ಅಂದರೆ ಬರೀ ಅಕ್ಷರಗಳ ಕನ್ಸೋಲ್, ಸಾಕಾಗಿದೆ, ಮತ್ತು ನಿಧಾನದ ಇಂಟರ್ನೆಟ್‌ನಲ್ಲಿ ಅದೇ ಮೇಲು. ಬಯೋಸ್‌ನಲ್ಲಿ (ಸರ್ವರಿನ ಮೂಲ ಸೆಟ್ಟಿಂಗ್‌ಗಳಲ್ಲಿ) ಆ ಪೋರ್ಟ್ ಕಾಮ್-1 ಎಂದಿದ್ದರೆ ಲಿನಕ್ಸ್‌ನಲ್ಲಿ ಟಿಟಿವೈಎಸ್0 (ttyS0), ಕಾಮ್-2 ಎಂದಿದ್ದರೆ ಟಿಟಿವೈಎಸ್1 (ttyS1) ಎಂದು ಕರ್ನಲ್ ಸಾಲಿನಲ್ಲಿ (ಲಿನಕ್ಸ್ ಶುರುವಾಗುವಾಗ ಓದುವ ಸೂಚನೆಗಳ ಸಾಲು) ಬರೆಯಬೇಕು. ಎರಡು ಕನ್ಸೋಲ್ ಬರೆದರೆ ಕೊನೆಯದೇ ಮುಖ್ಯವಾಗುವುದರಿಂದ ಸೀರಿಯಲ್ ಹೆಸರು ಕೊನೆಗೆ ಬರಲಿ.

ಹೊಸದಾಗಿ ಕೂರಿಸುವವರಿಗೆ ನನ್ನ ಒತ್ತಾಯದ ಮಾತು: ಸರ್ವರಿನ ಜೊತೆಗೆ ನೆಟ್‌ವರ್ಕ್ ಸ್ವಿಚ್ ಮತ್ತು ರೌಟರನ್ನೂ ಯುಪಿಎಸ್ ಮೇಲೆ ಇಡಿ. ಮಳೆಗಾಳಿಗೆ ಕರೆಂಟು ಹೋದಾಗ ಸರ್ವರ್ ಓಡುತ್ತಿದ್ದರೂ ಸ್ವಿಚ್ ಆರಿದ್ದರೆ, ಬ್ಯಾಟರಿ ಮುಗಿಯುವ ಮೊದಲು ಅದನ್ನು ಕ್ರಮವಾಗಿ ಬಂದ್ ಮಾಡಲು ಮನೆಯಿಂದ ಕನ್ಸೋಲಿಗೆ ದಾರಿಯೇ ಇರುವುದಿಲ್ಲ.