ಕಳೆದ ಟ್ಯಾಬ್ ಯಾವುದು ವಾಪಸ್ ಕೊಡುತ್ತೆ: ಫೈರ್‌ಫಾಕ್ಸಾ, ಕ್ರೋಮಾ, ಎಕ್ಸ್‌ಟೆನ್ಶನ್ನಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಫೈರ್‌ಫಾಕ್ಸ್‌ಗೆ. ಯಾವ ಬ್ರೌಸರ್ ಜೋರು, ಯಾವುದು ಚೆಂದ ಅನ್ನೋದನ್ನ ಬೇರೆಯವರು ಸಾಕಷ್ಟು ಬರೆದಿದ್ದಾರೆ. ನಾನು ನೋಡಿದ್ದು ಒಂದೇ ವಿಷಯ: ತೆರೆದಿಟ್ಟ ಟ್ಯಾಬ್‌ಗಳು ಹೋದರೆ ಯಾವುದು ತಂದುಕೊಡುತ್ತದೆ?

ಗದಗ-ಬೆಟಗೇರಿಯಲ್ಲಿ ನನ್ನದೊಂದು ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ಅಂಗಡಿ. ಇಲ್ಲಿ ಒಂದು ಟ್ಯಾಬ್ ಅಂದರೆ ಒಬ್ಬ ಗಿರಾಕಿ. ಒಂದರಲ್ಲಿ ಪಹಣಿ, ಇನ್ನೊಂದರಲ್ಲಿ ಸ್ಕಾಲರ್‌ಶಿಪ್, ಮತ್ತೊಂದರಲ್ಲಿ ಸೇವಾ ಸಿಂಧು. ಆಧಾರ್‌ಗೆ ಜೋಡಿಸಿದ ಫೋನ್ ಮನೆಯಲ್ಲೇ ಬಿಟ್ಟು ಬಂದವರು ಓಟಿಪಿ ಹೇಳೋಕೆ ನಾಳೆ ಬರ್ತೀನಿ ಅಂತ ಹೋಗುತ್ತಾರೆ. ಅವರ ಟ್ಯಾಬ್ ಹಾಗೇ ನಿಂತಿರುತ್ತದೆ. ಬುಕ್‌ಮಾರ್ಕ್ ಮಾಡಿಕೊಳ್ಳಬಾರದಾ ಅಂತ ಕೇಳಬಹುದು. ಕೌಂಟರ್ ಮುಂದೆ ಸಾಲು ಇರುವಾಗ ಆಗೋದಿಲ್ಲ. ಮೇಲಿನ ಆ ಟ್ಯಾಬ್ ಸಾಲೇ ನನ್ನ ಡೈರಿ.

ಕರೆಂಟ್ ಹೋದರೆ ಎರಡೂ ಬ್ರೌಸರ್ ಪಾಸು. ಫೈರ್‌ಫಾಕ್ಸ್ 15 ಸೆಕೆಂಡಿಗೊಮ್ಮೆ ತೆರೆದ ಟ್ಯಾಬ್‌ಗಳನ್ನು ಬರೆದಿಟ್ಟುಕೊಳ್ಳುತ್ತದೆ. ಕ್ರೋಮ್ ಮೂಲೆಯಲ್ಲಿ ಸಣ್ಣ ಪೆಟ್ಟಿಗೆ ತೋರಿಸಿ 'ರಿಸ್ಟೋರ್' ಅನ್ನುತ್ತದೆ, ಒತ್ತಿದರೆ ಬಂತು. ಒಂದು ಟ್ಯಾಬ್ ತಪ್ಪಿ ಮುಚ್ಚಿದರೆ ಕಂಟ್ರೋಲ್-ಶಿಫ್ಟ್-ಟಿ, ಎರಡರಲ್ಲೂ ಅದೇ.

ನನ್ನ ತಲೆ ತಿಂದಿದ್ದು ಒಂದು ಸಣ್ಣ ವಿಂಡೋ. ಫೀ ಕಟ್ಟುವ ಪುಟ ಎಷ್ಟೋ ಸಲ ಬೇರೆ ವಿಂಡೋದಲ್ಲಿ ತೆರೆದುಕೊಳ್ಳುತ್ತದೆ. ಒಂದು ಸಂಜೆ ಅಂಗಡಿ ಮುಚ್ಚುವಾಗ ನಮ್ಮ ಹುಡುಗ ಮೊದಲು ದೊಡ್ಡ ವಿಂಡೋ ಮುಚ್ಚಿದ. ಹಿಂದೆ ಅಡಗಿದ್ದ ಸಣ್ಣದು ಆಮೇಲೆ ಕಣ್ಣಿಗೆ ಬಿತ್ತು, ಅದನ್ನೂ ಮುಚ್ಚಿದ. ಬ್ರೌಸರ್ ಲೆಕ್ಕದಲ್ಲಿ 'ಹಿಂದಿನ ಸೆಷನ್' ಅಂದರೆ ಸಾಮಾನ್ಯವಾಗಿ ಕೊನೆಗೆ ತೆರೆದಿದ್ದದ್ದು ಮಾತ್ರ. ಬೆಳಿಗ್ಗೆ ಬಂದಿದ್ದು ಒಂದೇ ಟ್ಯಾಬ್, ಅದರಲ್ಲಿ 'ಸೆಷನ್ ಎಕ್ಸ್‌ಪೈರ್ಡ್' ಅನ್ನೋ ಸಾಲು. ನಾನು ಬರುವಷ್ಟರಲ್ಲಿ ಹುಡುಗ ಅದರಲ್ಲೇ ಕೆಲಸ ಶುರು ಮಾಡಿದ್ದ, ಹತ್ತಾರು ಟ್ಯಾಬ್ ತೆರೆದು ಮುಚ್ಚಿಯೂ ಆಗಿತ್ತು. ಅಷ್ಟರಲ್ಲಿ ಒಬ್ಬ ಅಜ್ಜ ಬಂದು, "ಸರ, ನಮ್ಮ ಹುಡುಗಿ ಅರ್ಜಿ ಎಲ್ಲೀತನಕ ಬಂತ್ರಿ?" ಅಂದರು. ತೋರಿಸೋಕೆ ಏನೂ ಇರಲಿಲ್ಲ.

ಅದು ಯಾವ ಬ್ರೌಸರ್ ಅನ್ನೋದು ಬೇಡ. ಆಮೇಲೆ ಕೂತು ಎರಡರಲ್ಲೂ ಬೇಕಂತಲೇ ಹೀಗೆ ಮುಚ್ಚಿ ತೆರೆದು ನೋಡಿದೆ. ಕ್ರೋಮಿನ ಹಿಸ್ಟರಿಯಲ್ಲಿ ಇತ್ತೀಚೆಗೆ ಮುಚ್ಚಿದವು ಒಂದೇ ಪಟ್ಟಿಯಲ್ಲಿವೆ. ಮುಚ್ಚಿದ ವಿಂಡೋ ಅಲ್ಲೇ ಸಿಗುತ್ತದೆ, ಪಕ್ಕದಲ್ಲಿ ಎಷ್ಟು ಟ್ಯಾಬ್ ಅಂತಲೂ ಇರುತ್ತದೆ. ತಕ್ಷಣ ನೋಡಿದರೆ ಚಿಂತೆ ಇಲ್ಲ. ಆದರೆ ಮುಚ್ಚಿದ ಬಿಡಿ ಟ್ಯಾಬ್‌ಗಳೂ ಅದೇ ಪಟ್ಟಿಗೆ ಬಂದು ಕೂರುತ್ತವೆ. ನಮ್ಮಂಥ ಅಂಗಡಿಯಲ್ಲಿ ಹಳೆಯದು ಕೆಳಗೆ ಜಾರಿ ಜಾರಿ ಪಟ್ಟಿಯಿಂದಲೇ ಹೋಗೋಕೆ ಎಷ್ಟು ಹೊತ್ತು ಬೇಕು?

ಫೈರ್‌ಫಾಕ್ಸ್‌ನ ಹಿಸ್ಟರಿ ಮೆನುವಿನಲ್ಲಿ ಮುಚ್ಚಿದ ಟ್ಯಾಬ್‌ಗಳಿಗೆ ಒಂದು ಪಟ್ಟಿ, ಮುಚ್ಚಿದ ವಿಂಡೋಗಳಿಗೆ ಬೇರೆಯೇ ಪಟ್ಟಿ. ಹುಡುಗ ಎಷ್ಟೇ ಟ್ಯಾಬ್ ಮುಚ್ಚಲಿ, ವಿಂಡೋ ತನ್ನ ಜಾಗದಲ್ಲಿರುತ್ತದೆ. ನನಗೆ ಇಷ್ಟು ಸಾಕಾಯಿತು. ಮುಚ್ಚಿದ ವಿಂಡೋ ವಾಪಸ್ ತರೋಕೆ ಕೀ ಕಂಟ್ರೋಲ್-ಶಿಫ್ಟ್-ಎನ್. ಅದೇ ಕೀ ಕ್ರೋಮಿನಲ್ಲಿ ಒತ್ತಿದರೆ ಇನ್‌ಕಾಗ್ನಿಟೊ, ಅಂದರೆ ಹಿಸ್ಟರಿ ಉಳಿಸದ ಪ್ರೈವೇಟ್ ವಿಂಡೋ, ತೆರೆಯುತ್ತದೆ, ಕೈಗೆ ಅಭ್ಯಾಸ ಆಗೋವರೆಗೆ ಸ್ವಲ್ಪ ಗೋಳು.

ಅದೂ ಕೈಕೊಟ್ಟರೆ ಫೈರ್‌ಫಾಕ್ಸ್‌ನಲ್ಲಿ ಕೊನೇ ದಾರಿ ಒಂದಿದೆ. ಹೆಲ್ಪ್ ಮೆನುವಿನ 'ಮೋರ್ ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್' ಪುಟದಿಂದ ಪ್ರೊಫೈಲ್ ಫೋಲ್ಡರ್ ತೆರೆಯಿರಿ. ಒಳಗೆ 'ಸೆಷನ್‌ಸ್ಟೋರ್-ಬ್ಯಾಕಪ್ಸ್' ಅಂತ ಫೋಲ್ಡರ್. ಅದರಲ್ಲಿ 'ರಿಕವರಿ', 'ಪ್ರೀವಿಯಸ್' ಅನ್ನುವ ಫೈಲ್‌ಗಳಿರುತ್ತವೆ. ಮೊದಲು ಅವನ್ನು ಡೆಸ್ಕ್‌ಟಾಪ್‌ಗೆ ಕಾಪಿ ಮಾಡಿಕೊಳ್ಳಿ, ಯಾಕೆಂದರೆ ಬ್ರೌಸರನ್ನು ಮತ್ತೆ ಮುಚ್ಚಿ ತೆರೆದರೆ ಹಳೆಯದರ ಮೇಲೆ ಹೊಸದು ಕೂತುಬಿಡುತ್ತದೆ. ಆಮೇಲೆ ಫೈರ್‌ಫಾಕ್ಸ್ ಪೂರ್ತಿ ಮುಚ್ಚಿ, 'ಪ್ರೀವಿಯಸ್' ಫೈಲಿಗೆ 'ಸೆಷನ್‌ಸ್ಟೋರ್' ಅಂತ ಹೆಸರು ಕೊಟ್ಟು, ಹೆಸರಿನ ಕೊನೆಯ ಬಾಲ (ಚುಕ್ಕಿಯ ಆಮೇಲಿನದು) ಹಾಗೇ ಬಿಟ್ಟು, ಪ್ರೊಫೈಲ್ ಫೋಲ್ಡರ್‌ನಲ್ಲಿ ಇಡಿ. ಅಲ್ಲಿ ಅದೇ ಹೆಸರಿನದು ಇದ್ದರೆ ಅದರ ಜಾಗಕ್ಕೆ ಇದು. ತೆರೆದರೆ ಹಿಂದಿನ ಸಾಲು ಬರುತ್ತದೆ. ಕ್ರೋಮಿಗೂ 'ಸೆಷನ್ಸ್' ಅಂತ ಫೋಲ್ಡರ್ ಇದೆ, ಆದರೆ ಅಲ್ಲಿ ಫೈಲ್ ಹೆಸರೆಲ್ಲ ಉದ್ದುದ್ದ ಅಂಕಿ. ಯಾವುದು ಯಾವಾಗಿನದು ಅಂತ ಹುಡುಕೋದೇ ಒಂದು ಕೆಲಸ.

ಇನ್ನೊಂದು, ನನ್ನ ಕಂಪ್ಯೂಟರ್ ಹಳೇದು, ರ‍್ಯಾಮ್ 4 ಜಿಬಿ. ಫೈರ್‌ಫಾಕ್ಸ್ ಟ್ಯಾಬ್ ಸಾಲನ್ನು ವಾಪಸ್ ತಂದರೂ ಕ್ಲಿಕ್ ಮಾಡಿದಾಗ ಮಾತ್ರ ಆ ಪುಟ ಲೋಡ್ ಮಾಡುತ್ತದೆ. ಹೊಸ ರ‍್ಯಾಮ್ ಹಾಕಿಸೋ ದುಡ್ಡು ಸದ್ಯಕ್ಕೆ ಉಳಿದಿದೆ.

ಎಕ್ಸ್‌ಟೆನ್ಶನ್, ಅಂದರೆ ಬ್ರೌಸರಿಗೆ ಸೇರಿಸಿಕೊಳ್ಳುವ ಸಣ್ಣ ಪ್ರೋಗ್ರಾಂ, ಅದನ್ನೂ ಹಾಕಿ ನೋಡಿದೆ. ಟ್ಯಾಬ್‌ಗಳನ್ನೆಲ್ಲ ಪಟ್ಟಿ ಮಾಡಿಕೊಡುತ್ತದೆ, ಚೆನ್ನಾಗೇ ಇದೆ. ಆದರೆ ಯಾರಾದರೂ ಅದನ್ನು ತೆಗೆದರೆ ಒಳಗಿನ ಪಟ್ಟಿಯೂ ಅದರ ಜೊತೆಗೇ ಹೋಗುತ್ತದೆ. ನಾಲ್ಕು ಕೈ ಆಡುವ ಕಂಪ್ಯೂಟರಿಗೆ ಇದು ಬೇಡ. ಅದರ ಬದಲು ಸಂಜೆ ಕಂಟ್ರೋಲ್-ಶಿಫ್ಟ್-ಡಿ ಒತ್ತಿ, ಎಲ್ಲ ಟ್ಯಾಬ್‌ಗಳನ್ನೂ ಒಂದು ಬುಕ್‌ಮಾರ್ಕ್ ಫೋಲ್ಡರಿಗೆ ಹಾಕಿ, ತಾರೀಕು ಬರೆದಿಡುತ್ತೇನೆ. ಎರಡೂ ಬ್ರೌಸರ್‌ನಲ್ಲಿ ನಡೆಯುತ್ತದೆ.

ಟ್ಯಾಬ್ ಬಂತು ಅಂದರೆ ಅರ್ಜಿ ಬಂತು ಅಂತ ಅಲ್ಲ. ಟೈಪ್ ಮಾಡಿದ್ದನ್ನು ಬ್ರೌಸರ್ ನೆನಪಿಟ್ಟರೂ ಪೋರ್ಟಲ್ ಹೊರಗೆ ಹಾಕಿರುತ್ತದೆ, ಮತ್ತೆ ಲಾಗಿನ್, ಮತ್ತೆ ಓಟಿಪಿ. ಕೆಲವು ಸೈಟ್‌ಗಳಲ್ಲಿ ಇದು ಉಲ್ಟಾ: ಸೆಷನ್ ವಾಪಸ್ ಬಂದಾಗ ಲಾಗಿನ್ ಕೂಡ ಜೀವಂತ ಬರುತ್ತದೆ. ನಿನ್ನೆಯ ಗಿರಾಕಿಯ ಮೇಲ್ ಇವತ್ತಿನವರ ಕಣ್ಣೆದುರು ತೆರೆದರೆ ಹೇಗೆ? ಅದಕ್ಕೇ ಮೇಲ್, ಬ್ಯಾಂಕ್ ಎಲ್ಲ ಪ್ರೈವೇಟ್ ವಿಂಡೋದಲ್ಲಿ ಮಾಡಿಸುತ್ತೇನೆ. ಅದನ್ನು ಮುಚ್ಚಿದ ಮೇಲೆ ಬ್ರೌಸರ್ ವಾಪಸ್ ತರೋದಿಲ್ಲ, ತರಬಾರದು ಕೂಡ.

ಫೈರ್‌ಫಾಕ್ಸ್ ಹಾಕಿಕೊಳ್ಳೋರಿಗೆ: ಸೆಟ್ಟಿಂಗ್ಸ್‌ನಲ್ಲಿ 'ಓಪನ್ ಪ್ರೀವಿಯಸ್ ವಿಂಡೋಸ್ ಅಂಡ್ ಟ್ಯಾಬ್ಸ್' ಟಿಕ್ ಮಾಡಿ. ಮುಚ್ಚಿದಾಗ ಹಿಸ್ಟರಿ ಅಳಿಸುವ ಟಿಕ್ ಇದ್ದರೆ ತೆಗೆಯಿರಿ, ಅದಿದ್ದರೆ ಸೆಷನ್ ಉಳಿಯೋದಿಲ್ಲ. ಕ್ರೋಮ್ ನಾನಂತೂ ತೆಗೆದಿಲ್ಲ, ಕೆಲವು ಸರ್ಕಾರಿ ಪುಟ ಅದರಲ್ಲೇ ಸರಿಯಾಗಿ ಕಾಣುತ್ತವೆ. ಅಲ್ಲಿ ಮಾತ್ರ ಅರ್ಧ ಅರ್ಜಿ ರಾತ್ರಿಗೆ ಬಿಡೋದಿಲ್ಲ.